ಕರಾಚಿಯನ್ನು ಬಲ್ಲ ಅಡ್ಮಿರಲ್

1965ರ ಸೆಪ್ಟೆಂಬರ್ 7ರ ರಾತ್ರಿ ಪಾಕಿಸ್ತಾನದ ಯುದ್ಧನೌಕೆಗಳು ದ್ವಾರಕೆಯ ಮೇಲೆ ಗುಂಡು ಸುರಿಸಿ ಹಿಂದಿರುಗಿದವು. ಆದ ಹಾನಿ ಅಲ್ಪ. ಆದರೆ ಪೋರಬಂದರಿನಿಂದ ಉತ್ತರಕ್ಕೆ ಹೋಗಿ ದಾಳಿ ಮಾಡಕೂಡದೆಂದು ಸರ್ಕಾರವೇ ಕಟ್ಟಪ್ಪಣೆ ವಿಧಿಸಿದ್ದರಿಂದ ನಮ್ಮ ನೌಕಾಪಡೆ ಕೈಕಟ್ಟಿ ಕೂರಬೇಕಾಯಿತು. ಆ ನೋವು ನಾವಿಕರಲ್ಲಿ ಬಹುಕಾಲ ಮಾಯಲಿಲ್ಲ. 1970ರ ಮಾರ್ಚ್‌ನಲ್ಲಿ ನೌಕಾಪಡೆಯ ಮುಖ್ಯಸ್ಥರಾದ ಅಡ್ಮಿರಲ್ ಸರ್ದಾರಿಲಾಲ್ ಮಥರಾದಾಸ್ ನಂದಾ ಅದನ್ನು ಮರೆತಿರಲಿಲ್ಲ.

ನಂದಾ ಹುಟ್ಟಿದ್ದು 1915ರಲ್ಲಿ. ಬೆಳೆದದ್ದು ಕರಾಚಿ ಬಂದರಿನ ಬಾಯಲ್ಲೇ ಇರುವ ಮನೋರಾದಲ್ಲಿ. ಅಲ್ಲಿನ ನೀರು, ದಂಡೆ, ಹಡಗಿನ ದಾರಿ ಎಲ್ಲವೂ ಅವರಿಗೆ ಎಳವೆಯಿಂದ ಪರಿಚಿತ. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರಿದರು. ದೇಶ ವಿಭಜನೆಯಾಗಿ, ಆಡಿ ಬೆಳೆದ ಊರು ಪರದೇಶವಾಯಿತು. ಮುಂದೆ ಗಂಡಭೇರುಂಡದ ಲಾಂಛನ ಹೊತ್ತ ಐಎನ್‌ಎಸ್ ಮೈಸೂರು ಯುದ್ಧನೌಕೆಯ ಕಪ್ತಾನರಾದರು. ಮುಂಬಯಿಯ ಮಜಗಾಂವ್ ಡಾಕ್‌ನ ಹೊಣೆಯನ್ನೂ ಹೊತ್ತರು.

1971ರಲ್ಲಿ ಯುದ್ಧದ ಮೋಡ ಕವಿದಾಗ ನಂದಾ ನೇರವಾಗಿ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಕಂಡು, ಕರಾಚಿಯ ಮೇಲೆ ಎರಗಿದರೆ ರಾಜಕೀಯವಾಗಿ ಅಡ್ಡಿಯುಂಟೇ ಎಂದು ಕೇಳಿದರು. ಯುದ್ಧ ಬಂದರೆ ಯುದ್ಧವೇ ಸರಿ ಎಂಬರ್ಥದ ಉತ್ತರ ಸಿಕ್ಕಿತು. ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಪ್ರಶ್ನೆ. 1965ರ ಅಪ್ಪಣೆ ಮತ್ತೆ ಅಡ್ಡ ಬಾರದಂತೆ ಅವರು ಮೊದಲೇ ದಾರಿ ಬಿಡಿಸಿಕೊಂಡರು.

ಆಯುಧ ಯಾವುದು? ಸೋವಿಯತ್ ಒಕ್ಕೂಟದಿಂದ ಆಗಷ್ಟೇ ಬಂದಿದ್ದ ಓಸಾ ಕ್ಷಿಪಣಿ ದೋಣಿಗಳು. ಒಂದೊಂದರಲ್ಲಿ ನಾಲ್ಕು ಕ್ಷಿಪಣಿ, ಹೊಡೆತದ ದೂರ ಸುಮಾರು 40 ಕಿಲೋಮೀಟರ್. ಆದರೆ ಅವು ದಂಡೆ ಕಾಯಲೆಂದು ಕಟ್ಟಿದ ಪುಟ್ಟ ದೋಣಿಗಳು. ದೂರ ಪಯಣಕ್ಕೆ ಇಂಧನ ಸಾಲದು. ಉಪಾಯವೂ ಅವು ಬಂದ ಬಗೆಯಲ್ಲೇ ಹೊಳೆಯಿತು. ಅಷ್ಟು ಭಾರ ಎತ್ತುವ ಕ್ರೇನ್ ಮುಂಬಯಿಯಲ್ಲಿಲ್ಲದ್ದರಿಂದ ಅವನ್ನು ಕಲ್ಕತ್ತದಲ್ಲಿ ಇಳಿಸಿ, ಹಡಗುಗಳಿಗೆ ಕಟ್ಟಿ, ಸಮುದ್ರದ ಮೇಲೆ ಮುಂಬಯಿಯವರೆಗೆ ಎಳೆದು ತರಲಾಗಿತ್ತು. ಹಾಗೆ ಎಳೆಯಬಹುದಾದರೆ ಕರಾಚಿಯ ದಿಕ್ಕಿಗೇಕೆ ಎಳೆಯಬಾರದು?

ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಕಮಾಂಡರ್ ಬಬ್ರುಭಾನ್ ಯಾದವ್ ಅವರ ನೇತೃತ್ವದಲ್ಲಿ ಕರಾಚಿಯತ್ತ ನುಗ್ಗಿದವು. ಜೊತೆಗೆ ಕಿಲ್ತಾನ್, ಕಚಾಲ್ ಹಡಗುಗಳು. ಕತ್ತಲಲ್ಲಿ ಹಡಗುಗಳನ್ನು ಬೇಟೆಯಾಡುವ ಶಕ್ತಿ ಪಾಕಿಸ್ತಾನದ ವಿಮಾನಗಳಿಗಿರಲಿಲ್ಲ. ಅದಕ್ಕೇ ರಾತ್ರಿಯನ್ನು ಆರಿಸಿದ್ದು. ನಾವಿಕರು ಸೋವಿಯತ್ ನೆಲದಲ್ಲಿ ತರಬೇತಿ ಪಡೆದವರು. ಕದ್ದು ಕೇಳುವವರಿಗೆ ಸುಳಿವು ಸಿಗದಿರಲೆಂದು ರೇಡಿಯೊದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು. ಪಾಕಿಸ್ತಾನದ ಖೈಬರ್ ಎಂಬ ವಿನಾಶಕ ನೌಕೆಯೂ ಮುಹಾಫಿಜ್ ಎಂಬ ನೌಕೆಯೂ ಮುಳುಗಿದವು. ನಮ್ಮ ದೋಣಿಗಳೆಲ್ಲ ಮರಳಿದವು. ನಾಲ್ಕು ದಿನ ಕಳೆದು ವಿನಾಶ್ ಎಂಬ ಇನ್ನೊಂದು ದೋಣಿ ಹೊಡೆದಾಗ ಕರಾಚಿ ಬಂದರಿನ ಕೆಮಾರಿಯ ತೈಲ ಟ್ಯಾಂಕುಗಳು ಹೊತ್ತಿ ಉರಿದವು.

ಬೆಲೆ ತೆರದೆ ದಕ್ಕಿದ ಗೆಲುವಲ್ಲ ಇದು. ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಖುಕ್ರಿ ಯುದ್ಧನೌಕೆಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಸಮುದ್ರದ ಪಾಲಾದರು. ಹಡಗು ಬಿಟ್ಟು ಬರಲೊಪ್ಪದ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರಲ್ಲೊಬ್ಬರು.

ನಂದಾ 1973ರಲ್ಲಿ ನಿವೃತ್ತರಾದರು; ಪದ್ಮವಿಭೂಷಣ ಗೌರವ ಸಂದಿತು. 2009ರ ಮೇ 11ರಂದು ತೀರಿಕೊಂಡಾಗ ಅವರಿಗೆ 93 ವರ್ಷ. ಮೊದಲ ದಾಳಿ ನಡೆದ ಡಿಸೆಂಬರ್ 4 ಇಂದು ನೌಕಾಪಡೆ ದಿನ.