ಮಾರ್ಫಿನ್ ಮಾತ್ರೆಯ ಗಾಢ ನಿದ್ರೆ: ಸದಸ್ಯರು ತಿಳಿದಿರಬೇಕಾದ ವಿಷಯ



ಕ್ಯಾನ್ಸರ್ ಉಲ್ಬಣಿಸಿ ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳು ನಮ್ಮ ಗ್ರಾಮಗಳಲ್ಲಿಯೂ ಇರುತ್ತಾರೆ. ಅಂಥವರಲ್ಲಿ ಕೆಲವರಿಗೆ ವೈದ್ಯರು ಮಾರ್ಫಿನ್ ಮಾತ್ರೆಯನ್ನೋ, ಚರ್ಮಕ್ಕೆ ಅಂಟಿಸುವ ಫೆಂಟಾನಿಲ್ ಪಟ್ಟಿಯನ್ನೋ ನೀಡಿರುತ್ತಾರೆ. ಮಾರ್ಫಿನ್ ಅಫೀಮಿನಿಂದ ದೊರೆಯುವ ಔಷಧ. ಫೆಂಟಾನಿಲ್ ಅದೇ ಗುಣವುಳ್ಳ ಕೃತಕ ಔಷಧ. ನೋವನ್ನು ತಣಿಸುವ ಈ ಔಷಧಗಳು ಪ್ರಮಾಣ ಮೀರಿದಾಗ ಉಸಿರನ್ನೂ ನಿಲ್ಲಿಸಬಲ್ಲವು.

ನಾಲ್ಕು ವರ್ಷಗಳ ಹಿಂದೆ ಬೈಕ್ ಅಪಘಾತದಲ್ಲಿ ನನ್ನ ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದಾಗ ಮಾರ್ಫಿನ್ ಚುಚ್ಚುಮದ್ದು ನೀಡಿದ್ದರು. ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಅದು ಬೇರೆ ಯಾರದೋ ನೋವಿನಂತೆ ದೂರ ಸರಿದಿತ್ತು. ಮೈ ಬೆಚ್ಚಗೆ ಭಾರವಾಗಿ, ಗಂಟೆಗಳು ಎತ್ತ ಹೋದವೆಂದು ತಿಳಿಯಲಿಲ್ಲ. ಬೆರಳಿಗೆ ಸಿಕ್ಕಿಸಿದ್ದ ಯಂತ್ರ ಕೂಗಿದಾಗ ದಾದಿಯೊಬ್ಬರು ಭುಜ ಅಲುಗಿಸಿ, “ಸಾರ್, ಉಸಿರು ಎಳ್ಕೊಳ್ಳಿ” ಎಂದರು. ಉಸಿರು ಕಡಿಮೆಯಾಗಿದ್ದುದು ನನ್ನ ಅರಿವಿಗೇ ಬಂದಿರಲಿಲ್ಲ. ಕಟ್ಟಿದಂತಾಗಲಿಲ್ಲ, ಭಯವೂ ಆಗಲಿಲ್ಲ. ಮನೆಯಲ್ಲಿ ಮಲಗಿರುವ ರೋಗಿಯ ಬಳಿ ಆ ಯಂತ್ರವಿರುವುದಿಲ್ಲ.

ಇದರ ಕಾರಣವನ್ನು ನಮ್ಮ ನೀರಿನ ಟ್ಯಾಂಕಿನಿಂದಲೇ ವಿವರಿಸಬಹುದು. ಟ್ಯಾಂಕಿನ ಸೆನ್ಸರ್ ನೀರು ಇಳಿದುದನ್ನು ಗ್ರಹಿಸಿ ಪಂಪಿಗೆ ಸೂಚನೆ ಕೊಡುತ್ತದೆ. ಸೆನ್ಸರ್ ಜಡವಾದರೆ ಪಂಪು, ಪೈಪು ಎಲ್ಲವೂ ಸರಿಯಿದ್ದೂ ಟ್ಯಾಂಕು ಬರಿದಾಗುತ್ತದೆ. ಹಾಗೆಯೇ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದುದನ್ನು ಮೆದುಳಿನ ಬುಡದಲ್ಲಿರುವ ಕೇಂದ್ರ ಗ್ರಹಿಸಿ ಉಸಿರಾಟಕ್ಕೆ ಆಜ್ಞೆ ನೀಡುತ್ತದೆ. ಮಾರ್ಫಿನ್ ಈ ಕೇಂದ್ರವನ್ನೇ ಮಂದಗೊಳಿಸುತ್ತದೆ. ಶ್ವಾಸಕೋಶಕ್ಕೆ ಯಾವ ರೋಗವೂ ಇಲ್ಲದೆ ಉಸಿರು ನಿಧಾನವಾಗುತ್ತಾ ನಿಂತುಹೋಗಬಹುದು. ಸಾಮಾನ್ಯವಾಗಿ ಅದಕ್ಕೆ ಮುನ್ನ ಅತಿಯಾದ ಮಂಪರು ಬರುತ್ತದೆ. ಮನೆಯವರು ಅದನ್ನು ‘ಪಾಪ, ಈಗ ನೆಮ್ಮದಿಯಾಗಿ ಮಲಗಿದ್ದಾರೆ’ ಎಂದು ತಿಳಿಯುತ್ತಾರೆ.

ಔಷಧ ಆರಂಭಿಸಿದ ಮೊದಲ ಎರಡು ಮೂರು ದಿನ ತೂಕಡಿಕೆ ಸಹಜ. ಕರೆದರೆ ರೋಗಿ ಎಚ್ಚರಗೊಳ್ಳುತ್ತಾರೆ. ಕರೆದರೂ ಅಲುಗಿಸಿದರೂ ಏಳದಿರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿರುವುದು, ಗೊರಗೊರ ಶಬ್ದ, ತುಟಿ ನೀಲಿಯಾಗುವುದು, ಇವು ಅಪಾಯದ ಚಿಹ್ನೆಗಳು. ಗಡಿಯಾರ ನೋಡಿ ಉಸಿರನ್ನು ಎಣಿಸಬೇಕು. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಇರಬೇಕಾದುದು 8ಕ್ಕಿಂತ ಕೆಳಗಿಳಿದಿದ್ದರೆ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಿ, ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಹೆಸರು ಹಿಡಿದು ಕೂಗುತ್ತಿರಬೇಕು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಗಾಳಿ ಊದಬೇಕು. ಹುಣಸೆನೀರು, ಮಜ್ಜಿಗೆ, ಕಾಫಿ ಏನನ್ನೂ ಬಾಯಿಗೆ ಹಾಕಕೂಡದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ನೀಡುವ ನಲೋಕ್ಸೋನ್ ಚುಚ್ಚುಮದ್ದು ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು. ಆದರೆ ಅದರ ಪ್ರಭಾವ ಸುಮಾರು 30ರಿಂದ 90 ನಿಮಿಷ ಮಾತ್ರ. ಮಾತ್ರೆಯ ಪ್ರಭಾವ ಅದಕ್ಕಿಂತ ದೀರ್ಘ. ಆದ್ದರಿಂದ ರೋಗಿ ಎದ್ದು ಕುಳಿತರೆಂದು ಕೂಡಲೇ ಮನೆಗೆ ಕರೆತರಬಾರದು.

ಇಷ್ಟನ್ನು ಓದಿ ಯಾರೂ ರೋಗಿಯ ಮಾರ್ಫಿನ್ ನಿಲ್ಲಿಸಬಾರದು. ವೈದ್ಯರು ಹಂತಹಂತವಾಗಿ ಹೆಚ್ಚಿಸಿದ ಪ್ರಮಾಣಕ್ಕೆ ದೇಹ ಒಗ್ಗಿರುತ್ತದೆ, ಅಲ್ಲಿ ಅಪಾಯ ಕಡಿಮೆ. ನೋವಿನಿಂದ ನರಳುವವರಿಗೆ ಈ ಔಷಧ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ದ್ರವ್ಯ ಕಾಯ್ದೆಗೆ ತಿದ್ದುಪಡಿ ತರಲಾಯಿತು. ವೈದ್ಯರ ಚೀಟಿಯಂತೆ ಮಾರ್ಫಿನ್ ಪಡೆದ ಕುಟುಂಬವನ್ನು ಸಂಶಯದಿಂದ ಕಾಣಬೇಕಿಲ್ಲ.

ಅಪಾಯ ಹೆಚ್ಚುವುದು ಬೇರೆಡೆ. ಮಾತ್ರೆಯೊಡನೆ ಮದ್ಯ ಅಥವಾ ನಿದ್ರೆಮಾತ್ರೆ ಸೇರಿದಾಗ. ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ನುಂಗಲಾಗದೆಂದು ಪುಡಿಮಾಡಿ ಕೊಟ್ಟಾಗ. ಮೂತ್ರಪಿಂಡ ದುರ್ಬಲವಾಗಿದ್ದು ಔಷಧದ ಅಂಶ ದೇಹದಲ್ಲಿ ಉಳಿದಾಗ. ಫೆಂಟಾನಿಲ್ ಪಟ್ಟಿಯ ಮೇಲೆ ಬಿಸಿನೀರಿನ ಶಾಖ ಕೊಟ್ಟಾಗ. ಎಲ್ಲಕ್ಕಿಂತ ಹೆಚ್ಚಾಗಿ, ಅಜ್ಜನ ಮಾತ್ರೆಯನ್ನು ಬೆನ್ನುನೋವಿಗೆಂದು ಮಗನೋ, ಆಟಕ್ಕೆಂದು ಮೊಮ್ಮಗುವೋ ನುಂಗಿದಾಗ. ಅಜ್ಜನಿಗೆ ಒಗ್ಗಿದ ಪ್ರಮಾಣ ಅವರಿಗೆ ಮಾರಕವಾಗಬಹುದು. ಬಳಸಿ ತೆಗೆದ ಪಟ್ಟಿಯಲ್ಲಿಯೂ ಔಷಧ ಉಳಿದಿರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಗೆಯೇ ಎಸೆಯಬಾರದು.

ರೋಗಿ ತೀರಿಕೊಂಡ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸುವಂತೆ ತಿಳಿಸಬೇಕು. ಸೂತಕದ ಮನೆಯಲ್ಲಿ ಅಧಿಕಾರಿಯಾಗಿ ನಾನು ಈ ಮಾತೆತ್ತಿದರೆ ತನಿಖೆಯಂತೆ ತೋರುತ್ತದೆ. ಆಶಾ ಕಾರ್ಯಕರ್ತೆಯೊಡನೆ ವಾರ್ಡಿನ ಸದಸ್ಯರೇ ಹೋಗಿ ಹೇಳಿದರೆ ಮನೆಯವರು ಕೇಳುತ್ತಾರೆ.