ಅಗ್ಗಕ್ಕೆ ಸಿಕ್ಕಿತೆಂದು 70 ಲೀಟರ್ ಬ್ಯಾಗ್ ಕೊಳ್ಳಬೇಡಿ: ಚಾರಣದ ಹೊರೆಯ ಲೆಕ್ಕಾಚಾರ

ಹೋದ ವಾರ ಶಿವಮೊಗ್ಗದಿಂದ ಅಕ್ಕ ವಾಟ್ಸಾಪಿನಲ್ಲಿ ಮೂರು ಲಿಂಕ್ ಕಳಿಸಿದಳು. ಮೂರೂ ಟ್ರೆಕ್ಕಿಂಗ್ ಬ್ಯಾಗ್. ಒಂದು 45 ಲೀಟರ್, ಇನ್ನೊಂದು 60, ಮತ್ತೊಂದು 70. ‘70ರದ್ದೇ ಅಗ್ಗ ಇದೆ ಕಣೋ, ಆಫರ್‌ನಲ್ಲಿ. ಅದನ್ನೇ ತಗೊಳ್ಲಾ?’ ಎಂದು ಕೇಳಿದಳು. ಅವಳು ಶಾಲೆಯ ಸಹೋದ್ಯೋಗಿಗಳ ಜೊತೆ ಹಿಮಾಚಲದ ಹಂಪ್ಟಾ ಪಾಸ್‌ಗೆ ಹೊರಟಿದ್ದಾಳೆ. ಕೊಡಚಾದ್ರಿ, ಕುಮಾರ ಪರ್ವತ ಹತ್ತಿ ಗೊತ್ತಿರುವವಳೇ. ಆದರೆ ಸತತ ನಾಲ್ಕೈದು ದಿನ ಬ್ಯಾಗ್ ಹೊತ್ತು ನಡೆಯುವುದು ಇದೇ ಮೊದಲು.

‘ಬೇಡ’ ಎಂದೆ. ಯಾಕೆ ಬೇಡ ಎಂದು ಹೇಳಲು ಮೆಸೇಜ್ ಸಾಲಲಿಲ್ಲ. ಈ ಲೇಖನ ಅದರ ಮುಂದುವರಿಕೆ.

ಕೆಲವು ವರ್ಷಗಳ ಹಿಂದೆ ಅದೇ ಹಂಪ್ಟಾ ಪಾಸ್‌ಗೆ ನಾನೂ ಹೋಗಿದ್ದೆ. ಆಫರ್‌ನಲ್ಲಿ ಸಿಕ್ಕ 65 ಲೀಟರ್ ಬ್ಯಾಗ್. ನಾನು ಉದ್ದ ಇದ್ದೇನೆ, ಹಾಗಾಗಿ ‘ಲಾರ್ಜ್’ ಸೈಜ್. ಜಾಗ ಇದೆಯಲ್ಲ ಎಂದು ಎರಡು ಜೀನ್ಸ್, ಒಂದು ದಪ್ಪ ಪುಸ್ತಕ, ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಡಬ್ಬ, ಎಲ್ಲವನ್ನೂ ತುಂಬಿದ್ದೆ. ಎರಡನೇ ದಿನ ಚಿಕಾದಿಂದ ಬಾಲು ಕಾ ಘೇರಾ ಕಡೆ ಹೋಗುವಾಗ ಎಡಗೈಯ ಬೆರಳುಗಳು ಜೋಮು ಹಿಡಿದವು. ಜಾಕೆಟ್ಟಿನ ಜಿಪ್ ಎಳೆಯಲೂ ಆಗುತ್ತಿರಲಿಲ್ಲ. ಚಳಿ ಇರಬೇಕು ಅಂದುಕೊಂಡೆ. ನಮ್ಮ ಗೈಡ್ ನನ್ನ ಬ್ಯಾಗ್ ಒಮ್ಮೆ ಎಳೆದು ನೋಡಿ, ‘ಇಡೀ ಭಾರ ಭುಜದ ಮೇಲೇ ಇದೆ ಸಾರ್’ ಎಂದರು. ಆಮೇಲೆ ಏನೂ ಹೇಳದೆ ಅದನ್ನು ತಮ್ಮ ಬ್ಯಾಗಿನ ಮೇಲೆ ಕಟ್ಟಿಕೊಂಡು ಎರಡು ಗಂಟೆ ನಡೆದರು. ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಆ ಎರಡು ಗಂಟೆ ನಾನು ಬರಿಗೈಲಿ ಅವರ ಹಿಂದೆ ನಡೆದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಬೆರಳುಗಳು ಎರಡು ದಿನದಲ್ಲಿ ಸರಿಹೋದವು. ಎಲ್ಲರಿಗೂ ಹಾಗಾಗುವುದಿಲ್ಲ. ಭುಜದ ಪಟ್ಟಿಗಳು ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಗೊಂಚಲನ್ನು ಗಂಟೆಗಟ್ಟಲೆ ಒತ್ತಿದರೆ ಕೈ ಮರಗಟ್ಟುತ್ತದೆ, ಬಲ ಕುಂದುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ‘ರಕ್‌ಸ್ಯಾಕ್ ಪಾಲ್ಸಿ’ ಎಂಬ ಹೆಸರೇ ಇದೆ. ಭಾರ ಹೊತ್ತು ಮೆರವಣಿಗೆ ಮಾಡುವ ಸೈನಿಕರಲ್ಲಿ ಹೆಚ್ಚಾಗಿ ಕಂಡದ್ದು. ಕೆಲವರಿಗೆ ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ.

ಹೊರಬೇಕಾದ್ದು ಸೊಂಟ

ವಿಟಿಯುವಿನ ಮೊದಲ ವರ್ಷದಲ್ಲಿ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಓದಿ ಪಾಸಾದವನು ನಾನು. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ತೊಲೆ, ಕಂಬಗಳ ಚಿತ್ರ ಬರೆದು ಲೆಕ್ಕ ಮಾಡಿದ್ದೆ. ನನ್ನ ಬೆನ್ನಿಗೇ ಅದನ್ನು ಅನ್ವಯಿಸಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

ಕೆಳಗಿನ ಅರ್ಧ ದೇಹ ಭಾರ ಹೊರಲೆಂದೇ ಇದೆ. ಸೊಂಟದ ಮೂಳೆ, ತೊಡೆಯ ಮೂಳೆ, ದೊಡ್ಡ ಸ್ನಾಯುಗಳು. ಭುಜ ಹಾಗಲ್ಲ, ಅದು ತೆಳ್ಳಗಿನ ಕೊರಳೆಲುಬು ಮತ್ತು ಸ್ನಾಯುಗಳ ಆಸರೆಯಲ್ಲಿ ನೇತಾಡುವ ಕೀಲು. ಒಳ್ಳೆಯ ಚಾರಣದ ಬ್ಯಾಗ್ ತೂಕದ ಬಹುಪಾಲನ್ನು ಸೊಂಟದ ಪಟ್ಟಿಗೆ ದಾಟಿಸುತ್ತದೆ. ಭುಜದ ಪಟ್ಟಿಗಳ ಮುಖ್ಯ ಕೆಲಸ ಬ್ಯಾಗ್ ಹಿಂದಕ್ಕೆ ವಾಲದಂತೆ ಹಿಡಿಯುವುದು.

ಹೀಗೆ ದಾಟಿಸಲು ನಡುವೆ ಒಂದು ಗಟ್ಟಿ ಚೌಕಟ್ಟು ಬೇಕು. 1952ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಕ್ ಕೆಲ್ಟಿ ಮತ್ತು ಅವರ ಪತ್ನಿ ನೀನಾ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿಗೆ ಚೀಲ ಕಟ್ಟಿ ಮಾರಲು ಶುರುಮಾಡಿದರು. ಚೀಲ ಹೊಲಿಯುತ್ತಿದ್ದವರು ನೀನಾ. 1967ರಲ್ಲಿ ಗ್ರೆಗ್ ಲೋ ಆ ಚೌಕಟ್ಟನ್ನು ಚೀಲದ ಒಳಗೆ ಸೇರಿಸಿದರು. ಇಂದು ಅಂಗಡಿಯಲ್ಲಿ ಕಾಣುವ ಬ್ಯಾಗುಗಳಲ್ಲಿ ಬಹುತೇಕ ಈ ಎರಡನೆಯದರ ಸಂತಾನ. ಬೆನ್ನಿಗೆ ತಾಗುವ ಭಾಗದ ಒಳಗೆ ಒಂದೆರಡು ಅಲ್ಯೂಮಿನಿಯಂ ಪಟ್ಟಿ ಅಥವಾ ಬಾಗಿದ ಕಂಬಿ ಇರುತ್ತದೆ. ಕಾಲೇಜು ಬ್ಯಾಗಿನಲ್ಲಿ ಇರುವುದಿಲ್ಲ.

ಎತ್ತರ ಅಲ್ಲ, ಬೆನ್ನಿನ ಉದ್ದ

ನನ್ನ ಬ್ಯಾಗಿನಲ್ಲಿ ಚೌಕಟ್ಟೂ ಇತ್ತು, ಸೊಂಟದ ಪಟ್ಟಿಯೂ ಇತ್ತು. ಹಾಗಾದರೆ ತಪ್ಪಿದ್ದೆಲ್ಲಿ? ಅಳತೆಯಲ್ಲಿ.

ಎತ್ತರ ಒಂದೇ ಇರುವ ಇಬ್ಬರ ಬೆನ್ನಿನ ಉದ್ದ ಒಂದೇ ಇರಬೇಕಿಲ್ಲ. ನನ್ನ ಕಾಲು ಉದ್ದ, ಬೆನ್ನು ಗಿಡ್ಡ. ಹಾಗಾಗಿ ಭುಜದ ಪಟ್ಟಿ ಬಿಗಿ ಮಾಡಿದರೆ ಸೊಂಟದ ಪಟ್ಟಿ ಮೂಳೆಗಿಂತ ಕೆಳಗೆ ಬಂದು ಕೂರುತ್ತಿತ್ತು. ಅಲ್ಲಿ ಅದಕ್ಕೆ ಆಧಾರವೇ ಇಲ್ಲ. ಬ್ಯಾಗ್ ಗಿಡ್ಡವಾದರೆ ಇದರ ಉಲ್ಟಾ: ಪಟ್ಟಿ ಹೊಟ್ಟೆಯ ಮೇಲೆ ಬಂದು ಉಸಿರು ಕಟ್ಟಿಸುತ್ತದೆ.

ಅಳೆಯೋದು ಸುಲಭ, ಜೊತೆಗೊಬ್ಬರು ಬೇಕು. ತಲೆ ಬಗ್ಗಿಸಿ, ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಮೂಳೆಯ ಗುಬುಟು ಹುಡುಕಿ. ಎರಡೂ ಕೈಯನ್ನು ಸೊಂಟದ ಮೂಳೆಯ ಮೇಲಂಚಿನ ಮೇಲಿಟ್ಟು ಹೆಬ್ಬೆರಳನ್ನು ಬೆನ್ನ ಕಡೆ ಚಾಚಿ. ಗುಬುಟಿನಿಂದ ಹೆಬ್ಬೆರಳುಗಳ ನಡುವಿನ ಗೆರೆಯವರೆಗೆ ಟೇಲರ್ ಟೇಪ್ ಹಿಡಿದು ಅಳೆಯಿರಿ. ಕಂಪನಿಗಳ ಸೈಜ್ ಚಾರ್ಟಿನಲ್ಲಿ ನೋಡಬೇಕಾದ್ದು ಈ ಸೆಂಟಿಮೀಟರ್ ಲೆಕ್ಕವನ್ನೇ. ಭುಜದ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ಹೊಂದಿಸುವ ಬ್ಯಾಗುಗಳೂ ಇವೆ, ಸ್ವಲ್ಪ ತೂಕ ಹೆಚ್ಚು. ಮೊದಲ ಬ್ಯಾಗ್ ಕೊಳ್ಳುವವರಿಗೆ ಅದೇ ಕ್ಷೇಮ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮಹಿಳೆಯರ ಅಳತೆಯ ಬ್ಯಾಗ್ ಅಂದರೆ ಬಣ್ಣ ಬದಲಿಸಿದ್ದು ಅಂತಲೇ ನಾನೂ ತಿಳಿದಿದ್ದೆ. ಸರಿಯಾಗಿ ಮಾಡಿದ್ದರಲ್ಲಿ ಬೆನ್ನಿನ ಅಳತೆ ಗಿಡ್ಡ, ಭುಜದ ಪಟ್ಟಿಗಳ ನಡುವಿನ ಅಂತರ ಕಡಿಮೆ, ಪಟ್ಟಿಗಳು ಎದೆಯ ಮೇಲೆ ಒತ್ತದಂತೆ ಬಾಗಿರುತ್ತವೆ, ಸೊಂಟದ ಪಟ್ಟಿಯ ಓರೆಯೂ ಬೇರೆ. ಎಲ್ಲರಿಗೂ ಬೇಕೆಂದೇನಿಲ್ಲ, ಹಾಕಿ ನೋಡಿ ತೀರ್ಮಾನಿಸಿ.

ಎಷ್ಟು ಲೀಟರ್?

ಬ್ಯಾಗನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕು. ಮೊದಲು ಸಾಮಾನು ಗುಡ್ಡೆ ಹಾಕಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ.

ಹಂಪ್ಟಾದಂಥ ಚಾರಣದಲ್ಲಿ ಟೆಂಟ್, ಸ್ಲೀಪಿಂಗ್ ಬ್ಯಾಗ್, ಊಟ ಸಾಮಾನ್ಯವಾಗಿ ಆಯೋಜಕರದ್ದು. ಅಕ್ಕನಿಗೆ ನಾನು ಬರೆದುಕೊಟ್ಟ ಲೆಕ್ಕ ಇದು. ಬ್ಯಾಗ್ 1.3 ಕಿಲೋ. ಫ್ಲೀಸ್ ಮತ್ತು ಡೌನ್ ಜಾಕೆಟ್ ಸೇರಿ 750 ಗ್ರಾಂ. ಮಳೆಯಂಗಿ, ಮಳೆ ಪ್ಯಾಂಟ್ ಅರ್ಧ ಕಿಲೋ. ಬದಲಿ ಬಟ್ಟೆ ಒಂದು ಕಿಲೋ. ಥರ್ಮಲ್, ಕಾಲುಚೀಲ, ಟೋಪಿ, ಕೈಗವಸು 800 ಗ್ರಾಂ. ಎರಡು ಲೀಟರ್ ನೀರು, ಬಾಟಲಿ ಸೇರಿ 2.2 ಕಿಲೋ. ಔಷಧ ಮತ್ತು ಸೋಪು-ಪೇಸ್ಟು, ಟಾರ್ಚು ಮತ್ತು ಪವರ್ ಬ್ಯಾಂಕ್, ಚಪ್ಪಲಿ, ತಿಂಡಿ ತಲಾ ಅರ್ಧ ಕಿಲೋ. ತಟ್ಟೆ, ಲೋಟ 300 ಗ್ರಾಂ. ಒಟ್ಟು ಒಂಬತ್ತು ಕಿಲೋ ಆಸುಪಾಸು. ಇಷ್ಟಕ್ಕೆ 40ರಿಂದ 45 ಲೀಟರ್ ಧಾರಾಳ.

ಟೆಂಟ್, ಹಾಸಿಗೆ, ಸ್ಟವ್, ನಾಲ್ಕು ದಿನದ ಊಟ ಎಲ್ಲವನ್ನೂ ನೀವೇ ಹೊರುವುದಾದರೆ ಹೆಚ್ಚು ಕಡಿಮೆ ಇನ್ನಾರು ಕಿಲೋ ಸೇರುತ್ತದೆ. ಆಗ 50-55 ಲೀಟರ್ ಬೇಕಾಗಬಹುದು. 70 ಲೀಟರಿನ ತೊಂದರೆ ಅಂದ್ರೆ ಅದು ಖಾಲಿ ಇರೋದಿಲ್ಲ. ಜಾಗ ಇದ್ದರೆ ಜೀನ್ಸು ಬಂದೇ ಬರುತ್ತದೆ.

ತುಂಬುವ ಕ್ರಮವೂ ಮುಖ್ಯ. ಎರಡು ಕಿಲೋ ವಸ್ತುವನ್ನು ಬೆನ್ನುಮೂಳೆಯಿಂದ 15 ಸೆಂಟಿಮೀಟರ್ ದೂರ ಇಡುವ ಬದಲು ಹೊರಜೇಬಿನಲ್ಲಿ 30 ಸೆಂಟಿಮೀಟರ್ ದೂರ ಇಟ್ಟರೆ ತೂಕ ಅಷ್ಟೇ, ನಿಮ್ಮನ್ನು ಹಿಂದಕ್ಕೆ ವಾಲಿಸುವ ಪರಿಣಾಮ ಮಾತ್ರ ಎರಡು ಪಟ್ಟು. ಹಾಗಾಗಿ ಭಾರದ್ದು ಬೆನ್ನಿಗೆ ಒತ್ತಿ ನಡುಮಧ್ಯದಲ್ಲಿ, ಹಗುರವಾದದ್ದು ತಳದಲ್ಲಿ ಮತ್ತು ಹೊರಗಡೆ, ಮಳೆಯಂಗಿ ಕೈಗೆ ಸಿಗುವಂತೆ ಮೇಲೆ.

ಹಗುರ ಎಂಬ ಮೋಹ

ಎಮ್ಮಾ ಗೇಟ್‌ವುಡ್ ಎಂಬ ಅಮೆರಿಕದ ಅಜ್ಜಿ 1955ರಲ್ಲಿ, 67ನೇ ವಯಸ್ಸಿನಲ್ಲಿ, 3,000 ಕಿಲೋಮೀಟರಿಗೂ ಉದ್ದದ ಅಪಲೇಶಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಹೆಗಲಿಗೆ ಕೈಯಾರೆ ಹೊಲಿದ ಡೆನಿಮ್ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ. ಚೌಕಟ್ಟೂ ಇಲ್ಲ, ಸೊಂಟದ ಪಟ್ಟಿಯೂ ಇಲ್ಲ. ನನ್ನ ಥಿಯರಿ ಸುಳ್ಳಾಯಿತಾ? ಇಲ್ಲ. ಅವರ ಚೀಲದಲ್ಲಿ ಇದ್ದದ್ದೇ ಅತಿ ಕಡಿಮೆ. ಹೊರೆ ಕಡಿಮೆಯಿದ್ದರೆ ಬ್ಯಾಗ್ ಹೇಗಿದ್ದರೂ ನಡೆಯುತ್ತದೆ.

ಇಂದಿನ ಚೌಕಟ್ಟಿಲ್ಲದ ಹಗುರ ಬ್ಯಾಗುಗಳೂ ಹೀಗೆಯೇ. ಒಂದು ಕಿಲೋಗಿಂತ ಕಡಿಮೆ ತೂಗುತ್ತವೆ, ಏಳೆಂಟು ಕಿಲೋವರೆಗೆ ಚೆನ್ನಾಗಿರುತ್ತವೆ. ಹನ್ನೆರಡು ಕಿಲೋ ತುಂಬಿದರೆ ಗೋಣಿಚೀಲದಂತೆ ಕುಸಿಯುತ್ತವೆ. ಬ್ಯಾಗಿನಲ್ಲಿ ಉಳಿಸಿದ ಅರ್ಧ ಕಿಲೋ ಭುಜದಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ. ಮಧ್ಯಮ ಗಾತ್ರಕ್ಕೆ 1.2ರಿಂದ 1.6 ಕಿಲೋ ತೂಗುವ, ಚೌಕಟ್ಟು ಇರುವ ಬ್ಯಾಗ್ ನನ್ನ ಆಯ್ಕೆ.

ಬಟ್ಟೆಯ ವಿವರದಲ್ಲಿ ‘ಡೆನಿಯರ್’ ಎಂದು ಕಾಣುತ್ತೀರಿ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಸಂಖ್ಯೆ ದೊಡ್ಡದಾದಷ್ಟೂ ನೂಲು ದಪ್ಪ. ಮೈಗೆ 210, ಬಂಡೆಗೆ ಉಜ್ಜುವ ತಳಕ್ಕೆ 420 ಇದ್ದರೆ ಸಾಕು. ಜೀಪಿನ ಟಾಪ್‌ನಲ್ಲಿ ಕಟ್ಟಿಸಿಕೊಂಡು ಹೋಗುವ ಬ್ಯಾಗಿಗೆ ಇದಕ್ಕಿಂತ ತೆಳು ಬಟ್ಟೆ ಬೇಡ.

ರೇನ್ ಕವರ್ ನಂಬಿ ಕೂರಬೇಡಿ. ಅದು ಹೊರಗಿನಿಂದ ಮುಚ್ಚುತ್ತದೆ, ಬೆನ್ನ ಮೇಲಿಂದ ಇಳಿಯುವ ನೀರು ಒಳಗೆ ಹೋಗುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳಗಡೆ ಒಂದು ದಪ್ಪ, ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಬಟ್ಟೆ ತುಂಬಿ ಬಾಯಿ ಸುತ್ತಿ. ವಾಪಸ್ ಬರುವಾಗ ಅದೂ ನಿಮ್ಮ ಜೊತೆಗೇ ಬರಲಿ.

ಏನನ್ನು ಬಿಡಬಾರದು

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ ಕೆಟ್ಟ ಹವಾಮಾನಕ್ಕೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಆ ಸಾವುಗಳಿಗೂ ಬ್ಯಾಗಿಗೂ ನಾನು ಗಂಟು ಹಾಕುತ್ತಿಲ್ಲ. ಆದರೆ ಆಮೇಲೆ ಪ್ರತಿ ಸಲ ಬ್ಯಾಗ್ ಕಟ್ಟುವಾಗಲೂ ಅದು ನೆನಪಾಗುತ್ತದೆ. ಎತ್ತರದ ಜಾಗದಲ್ಲಿ ಬಿಸಿಲು ಗಂಟೆಯೊಳಗೆ ಹಿಮಗಾಳಿಯಾಗಬಹುದು.

ಆದ್ದರಿಂದ ಹಗುರ ಮಾಡುವ ಭರದಲ್ಲಿ ಮಳೆಯಂಗಿ, ಬೆಚ್ಚನೆಯ ಜಾಕೆಟ್, ಒಣ ಕಾಲುಚೀಲ, ಟಾರ್ಚು, ಒಂದಿಷ್ಟು ಹೆಚ್ಚುವರಿ ತಿಂಡಿಗೆ ಕೈಹಾಕಬೇಡಿ. ಬ್ಯಾಗನ್ನು ಹೇಸರಗತ್ತೆಗೆ ಹೇರಿ ಕಳಿಸಿದರೂ ಇವು ನಿಮ್ಮ ಬೆನ್ನ ಮೇಲಿನ ಸಣ್ಣ ಚೀಲದಲ್ಲಿ ಇರಲೇಬೇಕು. ಗತ್ತೆ ಮಧ್ಯಾಹ್ನವೇ ಕ್ಯಾಂಪ್ ತಲುಪಿ, ನೀವು ದಾರಿಯಲ್ಲೇ ಸಿಕ್ಕಿಕೊಂಡರೆ ಜಾಕೆಟ್ ಅಲ್ಲಿ, ನೀವು ಇಲ್ಲಿ.

ಇನ್ನೊಂದು ವಿಷಯ. ದುಡ್ಡು ಕೊಟ್ಟು ಬ್ಯಾಗ್ ಕಳಿಸಿದರೆ ತೂಕ ಮಾಯವಾಗುವುದಿಲ್ಲ. ಅದು ಒಬ್ಬ ಪೋರ್ಟರನ ಅಥವಾ ಒಂದು ಪ್ರಾಣಿಯ ಬೆನ್ನಿಗೆ ಹೋಗುತ್ತದೆ. ಮಂಡಿನೋವು, ವಯಸ್ಸು ಇದ್ದವರು ಕಳಿಸಲಿ, ಅದು ಅವರಿಗೆ ದುಡಿಮೆಯೂ ಹೌದು. ನನ್ನ ಎರಡು ಜೀನ್ಸಿನಂಥ ದಡ್ಡತನವನ್ನು ಅವರ ಬೆನ್ನಿಗೆ ಹೇರುವುದು ಮಾತ್ರ ಬೇಡ.

ಕೊಳ್ಳುವ ಮುನ್ನ

ಅಂಗಡಿಗೆ ಹೋಗಿ, ಖಾಲಿ ಬ್ಯಾಗ್ ಹಾಕಿ ಕನ್ನಡಿ ನೋಡಬೇಡಿ. ಒಳಗೆ ಎಂಟು-ಹತ್ತು ಕಿಲೋ ತೂಕ ಹಾಕಿಸಿ. ಎಲ್ಲ ಪಟ್ಟಿ ಸಡಿಲಿಸಿ, ಮೊದಲು ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಬಿಗಿ ಮಾಡಿ. ಆಮೇಲೆ ಭುಜದ್ದು, ಕೊನೆಗೆ ಎದೆಯದ್ದು. ಈಗ ಭುಜದ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿ. ಸಲೀಸಾಗಿ ಹೋದರೆ ಭಾರ ಸೊಂಟಕ್ಕಿಳಿದಿದೆ ಎಂದರ್ಥ. ಹಾಗೇ ಹದಿನೈದು ನಿಮಿಷ ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ. ವರ್ಷಕ್ಕೊಂದೇ ಸಲ ಹೋಗುವವರಾದರೆ ಬೆಂಗಳೂರಿನಂಥ ಊರಲ್ಲಿ ಬಾಡಿಗೆಗೂ ಸಿಗುತ್ತವೆ, ಕೊಳ್ಳಲೇಬೇಕೆಂದಿಲ್ಲ.

ಅಕ್ಕ ಕೊನೆಗೆ 45 ಲೀಟರಿನದ್ದು ತಗೊಂಡಳು, ಬೆನ್ನಿನ ಅಳತೆ ಹೊಂದಿಸುವಂಥದ್ದು. ಐದು ಕಿಲೋದ ಅಕ್ಕಿ ಚೀಲ, ಎರಡು ನೀರಿನ ಬಾಟಲಿ ತುಂಬಿಕೊಂಡು ದಿನಾ ಸಂಜೆ ಮನೆಯ ಮಹಡಿ ಹತ್ತಿ ಇಳಿಯುತ್ತಿದ್ದಾಳೆ. ‘ಇದಕ್ಕೆ ಹಿಮಾಲಯ ಯಾಕೆ, ರೇಷನ್ ಅಂಗಡಿಗೆ ಹೋಗಿ ಬಂದಿದ್ರೆ ಆಗ್ತಿತ್ತಲ್ಲ’ ಅಂತ ಅಮ್ಮ ಫೋನಿನಲ್ಲಿ ನಗುತ್ತಿದ್ದರು. ನಿನ್ನೆ ಅಕ್ಕನ ಮೆಸೇಜ್ ಬಂತು: ‘ಭುಜ ನೋಯ್ತಿಲ್ಲ ಕಣೋ, ತೊಡೆ ನೋಯ್ತಿದೆ.’

ಭಾರ ಸರಿಯಾದ ಜಾಗಕ್ಕೇ ಇಳಿದಿದೆ.