ಮೂತ್ರಕೋಶದ ನರಗಳು ಸೋತಾಗ: ಯಾವ ನಳಿಕೆ ಹಿತ?

ನಾನು ವೈದ್ಯನಲ್ಲ, ಕಾಶಿಯ ಬ್ಯಾಂಕೊಂದರಲ್ಲಿ ಅಧಿಕಾರಿ. ತೀರ್ಥಹಳ್ಳಿಯ ಕಡೆಯ ನನ್ನ ಸೋದರಮಾವನ ಮಗ ಅಡಕೆ ಮರದಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡನು. ಚಿಕಿತ್ಸೆ ಮುಗಿದು ನಮ್ಮ ಮನೆಗೆ ಬಂದವನು ಮೊದಲು ಕೇಳಿದ್ದು, "ಭಾವಾ, ಈ ಮೂತ್ರದ ಚೀಲವನ್ನು ಸಾಯುವ ತನಕ ಹೊತ್ತಿರಬೇಕೇ?" ಎಂದು. ಆ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು, ಸಂಕೋಚದಿಂದ ಬಾಯಿಬಿಡದ ಮನೆಗಳ ಉಪಯೋಗಕ್ಕೆಂದು ಇಲ್ಲಿ ನಿರೂಪಿಸುತ್ತೇನೆ.

ಮೂತ್ರಕೋಶ ತುಂಬಿದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದೂ ವಿಸರ್ಜನೆಯ ಅಪ್ಪಣೆಯನ್ನು ಕೆಳಗೆ ತರುವುದೂ ಬೆನ್ನುಹುರಿಯ ಮೂಲಕವೇ. ಪೆಟ್ಟಿನಿಂದಾಗಲಿ, ಹುಟ್ಟಿನ ದೋಷದಿಂದಾಗಲಿ ಈ ಸಂಪರ್ಕ ಕೆಟ್ಟರೆ, ಅಥವಾ ಬಹುಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲವಾದರೆ, ಮೂತ್ರ ಒಳಗೇ ಉಳಿಯುತ್ತದೆ, ಇಲ್ಲವೆ ಸೋರುತ್ತದೆ. ಒಳಗಿನ ಒತ್ತಡ ಏರಿದರೆ ಮೂತ್ರಪಿಂಡಗಳೇ ಕೆಡಬಹುದು. ನಳಿಕೆ, ಎಂದರೆ ಕ್ಯಾಥೆಟರ್, ಬೇಕಾಗುವುದು ಇದನ್ನು ತಪ್ಪಿಸಲೆಂದು.

ಮಾರ್ಗಗಳು ಮುಖ್ಯವಾಗಿ ಮೂರು.

ಮೊದಲನೆಯದು, ದಿನಕ್ಕೆ 4ರಿಂದ 6 ಬಾರಿ ನಳಿಕೆ ತೂರಿಸಿ, ಮೂತ್ರಕೋಶವನ್ನು ಬರಿದುಮಾಡಿ, ನಳಿಕೆಯನ್ನು ತೆಗೆದುಬಿಡುವುದು. ಆಪರೇಷನ್ ಕೊಠಡಿಯ ನಿರ್ಜಂತುಕ ವ್ಯವಸ್ಥೆಯಿಲ್ಲದೆ, ಶುಚಿಯಾದ ಕೈಗಳಿಂದ ರೋಗಿಯೇ ಇದನ್ನು ಮಾಡಿಕೊಳ್ಳಬಹುದೆಂದು 1972ರಲ್ಲಿ ಅಮೆರಿಕದ ಡಾ. ಜ್ಯಾಕ್ ಲ್ಯಾಪಿಡೀಸ್ ಮತ್ತು ಅವರ ಸಂಗಡಿಗರು ತೋರಿಸಿದರು. ಕೈಗಳಲ್ಲಿ ಶಕ್ತಿಯಿರುವವರಿಗೆ ವೈದ್ಯರು ಮೊದಲು ಸೂಚಿಸುವುದು ಇದನ್ನೇ. ಪ್ರತಿ ಸಲವೂ 500 ಮಿಲಿಲೀಟರಿಗಿಂತ ಹೆಚ್ಚು ಶೇಖರವಾಗದಂತೆ ವೇಳೆಯನ್ನು ಹೊಂದಿಸಿಕೊಳ್ಳಬೇಕು.

ಎರಡನೆಯದು, ಮೂತ್ರದ್ವಾರದಲ್ಲಿ ಸದಾ ಇರುವ ಫೋಲಿ ನಳಿಕೆ. ಅನುಕೂಲವೇನೋ ಹೌದು; ಆದರೆ ವರ್ಷಗಟ್ಟಲೆ ಇಟ್ಟರೆ ಸೋಂಕು, ಕಲ್ಲು, ಮೂತ್ರನಾಳದ ಸವೆತಗಳ ಭಯವಿದೆ.

ಮೂರನೆಯದು, ಕಿಬ್ಬೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನೇರವಾಗಿ ಮೂತ್ರಕೋಶಕ್ಕೆ ಇಡುವ ನಳಿಕೆ. ಸೋಂಕು, ಕಲ್ಲುಗಳ ಭಯ ಇಲ್ಲಿಯೂ ಉಂಟು; ಆದರೆ ಮೂತ್ರನಾಳ ಸವೆಯದು, ದಾಂಪತ್ಯ ಜೀವನಕ್ಕೂ ಅಡ್ಡಿ ಕಡಿಮೆ. ಕೈಗಳ ಬಲವಿಲ್ಲದವರಿಗೆ ಇದು ಹಿತ.

ನಿರ್ಧರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ಕೈಗಳು ಕೆಲಸ ಮಾಡುವುವೇ? ಇಲ್ಲದಿದ್ದರೆ ಪ್ರತಿದಿನ ನೆರವಾಗುವವರು ಯಾರು? ಮೂತ್ರಪಿಂಡಗಳ ಸ್ಥಿತಿ ಹೇಗಿದೆ? ಖರ್ಚನ್ನು ತೂಗಿಸಬಲ್ಲೆವೇ?

ಕೆಲವು ಎಚ್ಚರಿಕೆಗಳು. ಇಲ್ಲಿ ಗಂಗಾಜಲ ಪೂಜೆಗೆ ಸಲ್ಲುತ್ತದೆ. ನಳಿಕೆ ತೊಳೆಯಲು ಸಲ್ಲದು. ಸಾಬೂನಿನಿಂದ ಕೈತೊಳೆಯದೆ ನಳಿಕೆಯನ್ನು ಮುಟ್ಟಬಾರದು. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ. ಜ್ವರ, ನಡುಕ ಬಂದರೆ ತಡಮಾಡಬಾರದು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಿಗೆ ನಳಿಕೆ ಕಟ್ಟಿಕೊಂಡರೆ ರಕ್ತದೊತ್ತಡ ಹಠಾತ್ತನೆ ಏರಿ, ತಲೆ ಸಿಡಿದು ಬೆವರುವುದುಂಟು. ಅದು ಪ್ರಾಣಾಪಾಯದ ಸೂಚನೆ.

ಇಲ್ಲಿಯ ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಯಲ್ಲಿ ಮೂತ್ರರೋಗ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿ ವಿಭಾಗವಿದೆ. ಸಂಕೋಚ ಬಿಟ್ಟು ವಿಚಾರಿಸಬೇಕು.

ನನ್ನ ಭಾವಮೈದುನನ ಕೈಗಳು ಗಟ್ಟಿಯಾಗಿದ್ದವು. ಮೊದಲನೆಯ ಮಾರ್ಗವನ್ನು ಕಲಿತನು. ಈಗ ಚೀಲವಿಲ್ಲ. ಊರಿನಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ತೋಟದ ಲೆಕ್ಕವನ್ನು ತಾನೇ ಬರೆಯುತ್ತಾನೆ. ಮದುವೆ ಮುಂಜಿಗಳಿಗೆ ಕರೆದರೆ ಇಲ್ಲವೆನ್ನದೆ ಹೋಗುತ್ತಾನೆ.